ಗಾಜು ಒಡೆಯುವ ಹಕ್ಕು

ಬಿ.ಎಸ್ಸಿ. ಓದುವ ಹಳ್ಳಿ ಹುಡುಗರನ್ನು ಸಂಶೋಧನಾಲಯಗಳಿಗೆ ತಯಾರು ಮಾಡಬೇಕು ಅಂತ ಭಾಷಣ ಮಾಡುವವರು ಮೊದಲು ಒಂದು ಕಪಾಟಿನ ಬೀಗ ತೆಗೆಯಲಿ.

ತಾಲ್ಲೂಕು ಕಾಲೇಜಿನಲ್ಲಿ ಮೂರು ವರ್ಷ ನಾವು ಮೈಕ್ರೋಸ್ಕೋಪನ್ನು ಕಂಡದ್ದು ಗಾಜಿನ ಕಪಾಟಿನ ಈಚೆಯಿಂದ. ಪರೀಕ್ಷೆಯ ದಿನ ಅದು ಹೊರಗೆ ಬರುತ್ತಿತ್ತು, ಜಾತ್ರೆಯ ಉತ್ಸವಮೂರ್ತಿಯ ಹಾಗೆ. "ಮುಟ್ಟಬೇಡ್ರೋ, ಒಡೆದ್ರೆ ದುಡ್ಡು ಕಟ್ಟಬೇಕು" ಅಂತ ಅಟೆಂಡರಣ್ಣ ಕೂಗುತ್ತಿದ್ದ. ಪಾಪ, ಒಡೆದ ಬ್ಯೂರೆಟ್ಟಿನ ಲೆಕ್ಕ ಅವನ ತಲೆಗೇ ಬರುತ್ತಿತ್ತು. ಆದರೆ 'ಮುಟ್ಟಬೇಡ' ಅನ್ನುವ ಮಾತು ಎಲ್ಲರ ಕಿವಿಗೂ ಒಂದೇ ಥರ ಬೀಳೋದಿಲ್ಲ. ಕೇರಿಯಿಂದ ಬಂದ ಕಿವಿಗೆ ಅದು ಹಳೇ ಪರಿಚಯ. ನಾವು ಹಿಂದಕ್ಕೆ ಸರಿದು, ಮುಂದಿನವರು ಮಾಡಿದ್ದನ್ನು ಬರೆದುಕೊಂಡೆವು.

ಮುಂದಿನವರಾದರೂ ಮಾಡಿದ್ದೇನು? ಹೋದ ವರ್ಷದವರ ರೆಕಾರ್ಡನ್ನು ಇಳಿಸಿಕೊಂಡರು. ಟೈಟ್ರೇಶನ್ನಿನ ಮೂರು ರೀಡಿಂಗೂ ಕೂಡಿಬರಬೇಕು, ಬರದಿದ್ದರೆ ಬರಿಸಬೇಕು. 9.8, 9.8, 9.8. ಅದಕ್ಕೇ ಅಂಕ. ಸಂಶೋಧನೆ ಎಷ್ಟೋ ಸಲ ಶುರುವಾಗುವುದೇ ಕೂಡಿಬರದ ರೀಡಿಂಗಿನಿಂದ. ಅಲ್ಲಿ ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ನಂಬರು, ತಾರೀಖು, ಬರೆಯುವುದು ಪೆನ್ನಿನಲ್ಲಿ. ತಪ್ಪಾದರೆ ಕೆಳಗಿನ ಅಕ್ಷರ ಕಾಣುವಂತೆ ಒಂದೇ ಗೀಟು ಎಳೆಯಬೇಕು, ಹಾಳೆ ಹರಿಯುವಂತಿಲ್ಲ. ಕೆಟ್ಟುಹೋದ ಪ್ರಯೋಗವನ್ನೂ ಬರೆದಿಡಬೇಕು. ಇದನ್ನು ಕಲಿಸಲು ಕೋಟಿ ರೂಪಾಯಿಯ ಯಂತ್ರ ಬೇಕೇನ್ರಿ? ಇನ್ನೂರು ಪುಟದ ನೋಟ್‌ಬುಕ್ಕು ಸಾಕು. ಜೊತೆಗೆ ಕೂಡಿಬರದ ರೀಡಿಂಗಿಗೂ ಅಂಕ ಕೊಡುವ ಎದೆಗಾರ ಮೇಷ್ಟ್ರು ಬೇಕು.

ಪಿಪೆಟ್ಟಿನ ತುದಿಯಲ್ಲಿ ಉಳಿದ ಕೊನೇ ಹನಿಯನ್ನು ಊದಬಾರದು, ಅದನ್ನು ಬಿಟ್ಟೇ ಅಳತೆಯ ಗೀಟು ಹಾಕಿರುತ್ತಾರೆ. ಪುಸ್ತಕದಲ್ಲಿ ಇದು ಇದ್ದೇ ಇದೆ. ಕೈಗೆ ಬರಬೇಕಾದರೆ ನಾಲ್ಕು ಪಿಪೆಟ್ಟು ಒಡೆಯಬೇಕು.

ಕೈಯ ಮಾತು ಬಂತು, ಹೇಳಿಬಿಡುತ್ತೇವೆ. ನಮ್ಮ ತಾತಂದಿರು ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಬಿಡಿಸಿ, ತಂಗಡಿ ತೊಗಟೆಯ ರಸದಲ್ಲಿ ದಿನಗಟ್ಟಲೆ ಇಡುತ್ತಿದ್ದರು. ತೊಗಟೆಯ ಟ್ಯಾನಿನ್ನು ತೊಗಲಿನ ಕೊಲಾಜೆನ್ ಎಂಬ ಪ್ರೋಟೀನನ್ನು ಹಿಡಿದುಕೊಂಡರೆ ತೊಗಲು ಕೊಳೆಯುವುದಿಲ್ಲ. ಹದ ಬಂತೋ ಇಲ್ಲವೋ ಅಂತ ಅವರು ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದರು. ಇದೇ ವಿದ್ಯೆಗೆಂದು 1948ರಲ್ಲಿ ಮದ್ರಾಸಿನಲ್ಲಿ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಎದ್ದಿತು. ಅಲ್ಲಿ ಅದು ವಿಜ್ಞಾನ, ಊರಿನಲ್ಲಿ ಮೈಲಿಗೆ. ತಾತನ ಕಸುಬನ್ನು ಹೊಗಳಿ ಹಾಡುವ ಆಸೆ ನಮಗಿಲ್ಲ; ಆ ನಾತದಲ್ಲಿ ಬೆಂದವರಿಗೆ ಗೊತ್ತು. ಆದರೆ ರಸಾಯನಶಾಸ್ತ್ರದ ಪಾಠದಲ್ಲಿ ಒಂದು ಸಲವಾದರೂ ಆ ಸುಣ್ಣದ ಗುಂಡಿಯ ಹೆಸರು ಬಂದಿದ್ದರೆ ನಾವು ಬೆಂಚು ಬಿಟ್ಟು ಮುಂದೆ ಬರುತ್ತಿದ್ದೆವು.

ಹೀಗೆ ಪಾಠದಿಂದ ಬಿಟ್ಟುಹೋದದ್ದು ಇನ್ನೂ ಇದೆ. ನಕ್ಷತ್ರದ ಬೆಳಕನ್ನು ಓದಲು ಕಲಿಸಿದ ಮೇಘನಾದ ಸಹಾ ಅವರ 1920ರ ಸಮೀಕರಣವನ್ನು ಬಾಯಿಪಾಠ ಮಾಡಿದೆವು. ಢಾಕಾ ಹತ್ತಿರದ ಹಳ್ಳಿಯ ಸಣ್ಣ ಅಂಗಡಿಯವನ ಮಗನಾದ ಅವರನ್ನು ಕಲಕತ್ತೆಯ ಹಾಸ್ಟೆಲಿನಲ್ಲಿ ಮೇಲ್ಜಾತಿ ಹುಡುಗರು ಪಂಕ್ತಿಯಲ್ಲಿ ಕೂರಿಸಿಕೊಳ್ಳಲಿಲ್ಲ ಅನ್ನುವುದನ್ನು ಯಾರೂ ಹೇಳಲಿಲ್ಲ.

ಇನ್ನು ಬೇಸಿಗೆಯ ಮಾತು. 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ ಬೆಂಗಳೂರಿನ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ನಡೆಸುತ್ತ ಬಂದಿದೆ. ಮೇಷ್ಟ್ರುಗಳೂ ಅರ್ಜಿ ಹಾಕಬಹುದು. ನಮಗೆ ಈ ಸುದ್ದಿ ಮುಟ್ಟಿದ್ದು ಡಿಗ್ರಿ ಮುಗಿದ ಮೇಲೆ. ಮೊದಲೇ ಮುಟ್ಟಿದ್ದರೂ ಬೇಸಿಗೆ ಅಂದರೆ ನಮ್ಮ ಮನೆಗಳಲ್ಲಿ ಕೂಲಿಯ ಕಾಲ. ಸ್ಟೈಪೆಂಡ್ ಕೈಸೇರುವ ತನಕ ಬಸ್ ಚಾರ್ಜು, ರೂಮಿನ ಬಾಡಿಗೆ, ಅವ್ವನ ಕೈಗೆ ಬರಬೇಕಿದ್ದ ಕೂಲಿ, ಇದನ್ನೆಲ್ಲ ಯಾರು ಕೊಡಬೇಕು? ಪ್ರತಿಭೆ ಪ್ರತಿಭೆ ಅನ್ನುವವರು ಈ ಲೆಕ್ಕವನ್ನೂ ಒಮ್ಮೆ ಹಾಕಲಿ.

ನಮ್ಮ ಪೈಕಿ ಒಬ್ಬಳು ಹೇಗೋ ಬೆಂಗಳೂರಿನ ಲ್ಯಾಬೊಂದನ್ನು ಸೇರಿದ್ದಾಳೆ. ಗೊತ್ತಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳೋದನ್ನು ಕಲಿಯೋಕೇ ಮೂರು ತಿಂಗಳು ಹಿಡೀತು ಅಂತಾಳೆ. ಬರುವ ಭಾನುವಾರ ಹಾಸ್ಟೆಲಿಗೆ ಬರುತ್ತಾಳೆ. ಲ್ಯಾಬಿನವರು ಮೂಲೆಗೆ ಹಾಕಿದ್ದ ಎರಡು ಮೈಕ್ರೋಪಿಪೆಟ್ಟು ಕೇಳಿ ತರ್ತಾಳಂತೆ. ಬಣ್ಣದ ನೀರು ನಾವು ಕಲಸಿಡಬೇಕು.