ಹೆಗಲ ಚೀಲ ಕಲಿಸಿದ ಪಾಠ

ಯುರೋಪ ಖಂಡದಲ್ಲಿ ಬೆನ್ನಿಗೆ ಚೀಲವೇರಿಸಿಕೊಂಡು ಐದು ವಾರಗಳಿಗೂ ಮಿಕ್ಕಿ ಕಾಲ್ನಡಿಗೆಯಲ್ಲಿ ಸಂಚರಿಸಿ ಮರಳಿದ ನಮ್ಮನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: “ಅಲ್ಲಿ ಏನೇನು ನೋಡಿದಿರಿ?” ನೋಡಿದ್ದು ಬಹಳ. ಆದರೆ ಅರವತ್ತು ದಾಟಿದ ಈ ವಯಸ್ಸಿನಲ್ಲಿ ಅಲ್ಲಿ ಕಲಿತುದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದು ಉಚಿತವೆನಿಸಿದೆ.

ನಾವು ನಡೆದುದು ಸ್ಯಾಂಟಿಯಾಗೋ ಯಾತ್ರಾಪಥದಲ್ಲಿ. ಫ್ರಾನ್ಸಿನ ಗಡಿಯಲ್ಲಿರುವ ಸ್ಯಾಂ ಝಾಂ ಪಿಯೆ ದ ಪೋರ್ ಎಂಬ ಪುಟ್ಟ ಊರಿನಿಂದ ಹೊರಟು, ಪಿರನೀಸ್ ಪರ್ವತವನ್ನು ದಾಟಿ, ಉತ್ತರ ಸ್ಪೇನಿನುದ್ದಕ್ಕೂ ಸಾಗಿ, ಸ್ಯಾಂಟಿಯಾಗೋ ನಗರವನ್ನು ಸೇರುವ ಈ ದಾರಿ ಸುಮಾರು 780 ಕಿಲೋಮೀಟರ್ ಉದ್ದವಾಗಿದೆ. ಏಸುವಿನ ಶಿಷ್ಯನಾದ ಯಾಕೋಬನ ಸಮಾಧಿ ಅಲ್ಲಿದೆಯೆಂಬ ನಂಬಿಕೆಯಿಂದ ಸಾವಿರ ವರ್ಷಗಳಿಂದ ಯಾತ್ರಿಕರು ಈ ಹಾದಿಯನ್ನು ತುಳಿಯುತ್ತ ಬಂದಿದ್ದಾರೆ. ಸ್ಪೇನಿನೊಳಗಿನ ಪಥವನ್ನು ಯುನೆಸ್ಕೋ ಸಂಸ್ಥೆಯು 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ಭಕ್ತರೂ ಯಾವ ಮತವನ್ನೂ ಒಪ್ಪದವರೂ ಇಲ್ಲಿ ಜೊತೆಯಾಗಿಯೇ ನಡೆಯುತ್ತಾರೆ.

ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ನಮ್ಮ ಶಿಷ್ಯನೊಬ್ಬ ಜೊತೆಗಿದ್ದ. ಹೊರಡುವ ಮುನ್ನವೇ ಆತ, “ಗುರುಗಳೇ, ಪುಸ್ತಕಗಳನ್ನು ಬಿಟ್ಟುಬಿಡಿ, ಭಾರವಾದೀತು” ಎಂದು ವಿನಂತಿಸಿದ್ದ. ಪುಸ್ತಕವಿಲ್ಲದ ಪಂಡಿತನೆಂಥವನು? ನಾವು ಕೇಳಲಿಲ್ಲ. ಮೊದಲ ದಿನವೇ ಸುಮಾರು 1,400 ಮೀಟರ್ ಎತ್ತರಕ್ಕೆ ಏರಿ, ರೊನ್ಸೆಸ್ವಾಯೆಸ್ ಎಂಬಲ್ಲಿಗೆ ಇಳಿಯಬೇಕು. ಇಳಿಜಾರಿನಲ್ಲಿ ಕಾಲು ಜಾರಿ ಬಿದ್ದೆವು, ಮೊಣಕಾಲು ಊದಿಕೊಂಡಿತು. “ಚೀಲ ಕೊಡಿ” ಎಂದು ಶಿಷ್ಯನು ಕೈಚಾಚಿದಾಗಲೂ ನಮ್ಮ ಮನಸ್ಸು ಒಪ್ಪಲಿಲ್ಲ. ಅಂದು ನೋಯುತ್ತಿದ್ದುದು ಮೊಣಕಾಲಷ್ಟೇ ಅಲ್ಲ, ಅಭಿಮಾನವೂ ಹೌದು. ಕೊನೆಗೆ ಚೀಲವನ್ನು ಒಪ್ಪಿಸಿದೆವು. ಪಾಂಪ್ಲೋನಾ ನಗರದ ಅಂಚೆಕಚೇರಿಯಿಂದ ಪುಸ್ತಕಗಳು ಜರ್ಮನಿಯ ದಾರಿ ಹಿಡಿದವು.

ಮುಂದೆ ಸಾಂತೋ ದೊಮಿಂಗೋ ದೆ ಲಾ ಕಾಲ್ಸಾದಾ ಎಂಬ ಊರು ಸಿಕ್ಕಿತು. 1109ರಲ್ಲಿ ದೇಹವಿಟ್ಟ ದೊಮಿಂಗೋ ಎಂಬ ಸಂತನ ಹೆಸರೇ ಊರಿಗೆ ಬಂದಿದೆ. ಆತ ಯಾತ್ರಿಕರ ಕಷ್ಟವನ್ನು ಕಂಡು ಕಾಡು ಕಡಿದು ದಾರಿ ಮಾಡಿದ. ಓಹಾ ನದಿಗೆ ಸೇತುವೆ ಕಟ್ಟಿಸಿದ. ದಣಿದವರಿಗೆ ಆಶ್ರಯವನ್ನು ಕಲ್ಪಿಸಿದ. ನಮ್ಮ ಕಾಲಕ್ಕೆ ಸಮೀಪದ ನಿದರ್ಶನವೂ ಈ ದಾರಿಯಲ್ಲುಂಟು. ಓ ಸೆಬ್ರೆಯ್ರೋ ಎಂಬ ಬೆಟ್ಟದ ಹಳ್ಳಿಯ ಪಾದ್ರಿ ಎಲಿಯಾಸ್ ವಲಿಞಾ ಅವರು 1980ರ ದಶಕದಲ್ಲಿ ಯಾತ್ರಿಕರು ದಾರಿ ತಪ್ಪದಂತೆ ಹಳದಿ ಬಣ್ಣದ ಬಾಣದ ಗುರುತುಗಳನ್ನು ಬರೆಯತೊಡಗಿದರು. ಅವರು 1989ರಲ್ಲಿ ತೀರಿಕೊಂಡರು; ಆ ಗುರುತುಗಳೇ ಇಂದಿಗೂ ನಡೆಯುವವರ ಮಾರ್ಗದರ್ಶಿ. ಕಾಯಕವೆಂಬ ಮಾತನ್ನರಿಯದ ನಾಡಿನಲ್ಲಿ ಕಾಯಕದ ಅರ್ಥವನ್ನು ನಾವು ಕಣ್ಣಾರೆ ಕಂಡೆವು.

ಸಾಂತೋ ದೊಮಿಂಗೋ ಊರಿನಿಂದ ಹೆಚ್ಚು ದೂರವಿಲ್ಲದ ಗ್ರಾನ್ಯೋನ್ ಗ್ರಾಮದಲ್ಲಿ ಚರ್ಚಿಗೆ ಸೇರಿದ ತಂಗುದಾಣವಿದೆ. ನೆಲದ ಮೇಲೆ ಚಾಪೆಯಂಥ ಹಾಸಿಗೆ; ಇಷ್ಟೇ ಹಣವೆಂಬ ದರವಿಲ್ಲ; ಶಕ್ತ್ಯನುಸಾರ ಕಾಣಿಕೆ. ಸಂಜೆ ಎಲ್ಲರೂ ಕೂಡಿ ಅಡುಗೆ ಮಾಡಿದರು. ನಾವು ಮಾಂಸಾಹಾರಿಗಳಲ್ಲವೆಂದು ತಿಳಿದು ಬೇಳೆಯ ಸಾರನ್ನೂ ರೊಟ್ಟಿಯನ್ನೂ ಮೊದಲು ನಮಗೇ ಬಡಿಸಿದರು. ನಸುಕಿನಲ್ಲಿ ನಾವು ಇಷ್ಟಲಿಂಗಪೂಜೆಗೆ ಕುಳಿತಾಗ ಅಕ್ಕಪಕ್ಕದವರು ಸದ್ದಿಲ್ಲದೆ ಚೀಲ ಕಟ್ಟಿಕೊಂಡು ಹೊರನಡೆದರು.

ಅಂದು ಊಟದ ಪಂಕ್ತಿಯಲ್ಲಿ ನಮಗೆ ಬಾಲ್ಯದ ಮಠ ನೆನಪಾಯಿತು. ಬಡವರ ಮನೆಯ ಹುಡುಗನಾಗಿ ತಟ್ಟೆ ಹಿಡಿದು ಸಾಲಿನಲ್ಲಿ ಕುಳಿತಿದ್ದ ನಾವು ಮುಂದೆ ವಿದ್ವಾಂಸರೆನಿಸಿ, ದಾಸೋಹದ ಮೇಲೆ ನೂರಾರು ಉಪನ್ಯಾಸ ನೀಡಿದೆವು. ಆದರೆ ಕೈಚಾಚಿ ಪಡೆಯುವ ವಿನಯವನ್ನು ಯಾವಾಗಲೋ ಮರೆತಿದ್ದೆವು. ನೀಡುವುದರಲ್ಲಿ ಅಹಂಕಾರ ನುಸುಳುವಂತೆ, ಪಡೆಯಲೊಲ್ಲದ ಹಟದಲ್ಲಿಯೂ ಅಹಂಕಾರವೇ ಅಡಗಿರುತ್ತದೆ. ಊಟದ ನಂತರ ಪಾತ್ರೆ ತೊಳೆಯುವವರ ಸಾಲಿನಲ್ಲಿ ನಿಂತಾಗ ಮನಸ್ಸು ಹಗುರಾಯಿತು.

ಸ್ಯಾಂಟಿಯಾಗೋ ತಲುಪಿದಾಗ ನಮ್ಮ ಚೀಲದಲ್ಲಿದ್ದುದು ಪೂಜಾಸಾಮಗ್ರಿ, ಎರಡು ಜೊತೆ ಬಟ್ಟೆ, ಒಂದು ಹೊದಿಕೆ. ಇಷ್ಟರಲ್ಲೇ ಐದು ವಾರ ಕಳೆದವು, ಕೊರತೆಯೆನಿಸಲಿಲ್ಲ. ಮನೆಯಲ್ಲಿ ಹಿರಿಯರಿರುವ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ: ಅವರ ಕೈಯ ಚೀಲವನ್ನು ಕೇಳಿ ತೆಗೆದುಕೊಳ್ಳಿ. ನಮ್ಮಂಥ ಹಿರಿಯರಲ್ಲಿಯೂ ಒಂದು ಬಿನ್ನಹ: ಕೇಳಿದಾಗ ಕೊಟ್ಟುಬಿಡಿ.