ಹನ್ನೊಂದು ಸಾವಿರದ ಆಸೆ

ಮೇಲವಂಕಿಯಲ್ಲಿ ಮಳೆ, ಕಬ್ಬಿನ ಬಿಲ್ಲು, ಮದುವೆ ಮುಗಿದ ಮೇಲೆ ಮಾತು ಮೋಟರಿಗೆ ಬಂದೇ ಬರುತ್ತದೆ. “ಕಾಕಾ, ನಮ್ಮ ಹೊಲದ ಮ್ಯಾಲ ಹನ್ನೊಂದು ಸಾವಿರದ ಲೈನ್ ಹೋಗೇತಿ. ಮೋಟರ್ ನೇರ ಅದಕ್ಕ ಹಚ್ಚಿದ್ರ ಟಿ.ಸಿ. ಕಾಟನ ಇರೂದಿಲ್ಲಲ್ರಿ?” ಎಂದ ಒಬ್ಬ ಹುಡುಗ. ಟಿ.ಸಿ. ಅಂದರೆ ಆ ಲೈನಿನ ವೋಲ್ಟೇಜನ್ನು ನಮ್ಮ ಮೋಟರಿಗೆಂದು 415ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್. ನಗಬೇಡಿ, 11 ಸಾವಿರ ವೋಲ್ಟಿನ ಮೋಟರುಗಳು ನಿಜಕ್ಕೂ ಇವೆ.

ಅವು ಯಾಕೆ ಬೇಕೆಂದು ತಿಳಿಯಲು ನೀರನ್ನು ನೋಡಿ. ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆ ಸುಮಾರು 170 ಅಡಿ ಧುಮುಕುತ್ತಾಳೆ. ಆ ಎತ್ತರವನ್ನು ನಂಬಿಯೇ 1880ರ ದಶಕದಲ್ಲಿ ಅಲ್ಲಿ ಮಿಲ್ಲು ಎದ್ದದ್ದು. ಮೊಳಕಾಲೆತ್ತರದಿಂದ ಬೀಳುವ ನೀರಿನಲ್ಲಿ ಅಷ್ಟೇ ಶಕ್ತಿ ಬೇಕೆಂದರೆ ನೂರು ಪಟ್ಟು ನೀರು ಬೇಕು. ವೋಲ್ಟೇಜೇ ಎತ್ತರ, ಆಂಪಿಯರೇ ನೀರು. ಸಾವಿರ ಕಿಲೋವ್ಯಾಟಿನ ಮೋಟರು 415 ವೋಲ್ಟಿನಲ್ಲಿ ಸುಮಾರು 1,700 ಆಂಪಿಯರ್ ಎಳೆಯುತ್ತದೆ. 11 ಸಾವಿರದಲ್ಲಿ 65 ಸಾಕು. ಕೇಬಲ್ಲಿನ ಕಾವು ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೇಲಾಗಿ ಸ್ಟಾರ್ಟ್ ಆಗುವಾಗ ಮೋಟರು ಆರು ಪಟ್ಟು ಎಳೆದರೆ ಕಾರ್ಖಾನೆಯ ದೀಪಗಳೆಲ್ಲ ಮಂಕಾಗುತ್ತವೆ.

ಹಾಗಾದರೆ ಐದು ಎಚ್‌ಪಿಗೂ 11 ಸಾವಿರ ಯಾಕೆ ಬೇಡ? ಅದಕ್ಕೆ ಬೇಕಾದದ್ದು ಕಾಲು ಆಂಪಿಯರಿನ ಆಸುಪಾಸು. ತಂತಿ ಕೂದಲಿನಷ್ಟು ಸಣ್ಣದು, ಸುತ್ತುಗಳು ಲೆಕ್ಕವಿಲ್ಲದಷ್ಟು. ಆ ವೋಲ್ಟೇಜನ್ನು ತಡೆಯುವ ಇನ್ಸುಲೇಶನ್ನೇ ಜಾಗವನ್ನೆಲ್ಲ ತಿಂದು, ತಾಮ್ರಕ್ಕೆ ಸಂದಿಯೇ ಉಳಿಯುವುದಿಲ್ಲ. ಸ್ವಿಚ್ಚಿನ ಬೆಲೆ ಮೋಟರನ್ನೂ ಮೀರುತ್ತದೆ. ಅದಕ್ಕೇ ಇನ್ನೂರು, ಮುನ್ನೂರು ಕಿಲೋವ್ಯಾಟಿನವರೆಗೆ ಸಾಮಾನ್ಯವಾಗಿ 415, ಅದರಾಚೆ 3,300 ಅಥವಾ 6,600, ಸಾವಿರಗಳು ದಾಟಿದರೆ 11 ಸಾವಿರ. ಗೆರೆ ಕೊರೆದ ನಿಯಮವೇನಲ್ಲ. ಕೇಬಲ್ಲು ಎಷ್ಟು ದೂರ, ಕಾರ್ಖಾನೆಯಲ್ಲಿ ಈಗಾಗಲೇ ಯಾವ ವೋಲ್ಟೇಜಿದೆ ಎಂಬುದನ್ನೂ ನೋಡುತ್ತಾರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದಾಗಲೂ ದಾರಿಯುದ್ದಕ್ಕೂ ವೋಲ್ಟೇಜು ಎತ್ತರದಲ್ಲಿತ್ತು. ಗಣಿ ಮುಟ್ಟಿದ ಮೇಲೆ ಇಳಿಸಿಕೊಂಡೇ ದುಡಿಸಿಕೊಂಡರು.

ಇನ್ನೊಂದು ಮಾತನ್ನು ಕ್ಯಾಟಲಾಗು ಹೇಳುವುದಿಲ್ಲ: ಸುಟ್ಟರೆ ಕಟ್ಟುವವರು ಯಾರು? ನಮ್ಮ ಮೋಟರನ್ನು ಗೋಕಾಕದ ವೈಂಡಿಂಗ್ ಅಂಗಡಿಯವರು ಕಟ್ಟಿಕೊಡುತ್ತಾರೆ. 11 ಸಾವಿರದ ಕಾಯಿಲಿಗೆ ಅಭ್ರಕದ ಪಟ್ಟಿ ಸುತ್ತಿ, ಗಾಳಿ ಹೀರಿದ ತೊಟ್ಟಿಯಲ್ಲಿ ರಾಳ ಕುಡಿಸಬೇಕು. ಅಂಥ ಅಂಗಡಿ ಹುಡುಕಿಕೊಂಡು ದೊಡ್ಡ ಊರಿಗೇ ಹೊರಡಬೇಕು.

ಹುಡುಗ ಎಲ್ಲ ಕೇಳಿ, “ಹಂಗಾರ ನಮಗ ನಾನೂರಾ ಹದಿನೈದ ಚಲೋ ಬಿಡ್ರಿ” ಅಂದ. ಚಲೋನೇ, ಆದರೆ ಅದು ಪೂರ್ತಿ ಬರಬೇಕಲ್ಲ! ಸಂಜೆ ಎಲ್ಲರೂ ಒಮ್ಮೆಲೇ ಚಾಲೂ ಮಾಡಿದರೆ 340ಕ್ಕೆ ಕುಸಿಯುತ್ತದೆ. ಎತ್ತರ ತಗ್ಗಿದ್ದಕ್ಕೆ ಮೋಟರು ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ. ವೋಲ್ಟೇಜು ಆರಿಸುವ ಭಾಗ್ಯ ಕಾರ್ಖಾನೆಯವರದು. ನಮ್ಮದು ಬಂದದ್ದನ್ನು ಉಣ್ಣುವ ಬಾಳು.