ತಾನೇ ಹೊರಟ ಕೂಸು

ಚಾಮರಾಜನಗರ ಬಿಟ್ಟು ತೆರಕಣಾಂಬಿ ದಾಟಿದರೆ ದಾರಿಯುದ್ದಕ್ಕೂ ಚೆಂಡುಹೂವಿನ ಹೊಲಗಳು. ಆ ಬಣ್ಣವನ್ನೆಲ್ಲ ಮರೆಸಿದ್ದು ಗುಂಡ್ಲುಪೇಟೆ ಪಕ್ಕದ ಹಳ್ಳಿಯೊಂದರ ಸಿಮೆಂಟ್ ಅಂಗಳ.

ಅಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮೂರು ವರ್ಷದ ಹುಡುಗಿ ಬ್ಯಾಟರಿ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಎದೆಗೂ ಸೊಂಟಕ್ಕೂ ಬೆಲ್ಟು, ಕೈಯಳತೆಯಲ್ಲಿ ಚೆಂಡಿನಂಥ ಜಾಯ್‌ಸ್ಟಿಕ್. ಕೈ ತಾಗಿದ್ದೇ ತಡ, ಕುರ್ಚಿ ಸರಕ್ಕನೆ ಚಲಿಸಿತು. ಬೆಚ್ಚಿ ಕೈ ತೆಗೆದಳು; ನಿಂತಿತು. ತನ್ನ ಕೈಯನ್ನೊಮ್ಮೆ, ಚಕ್ರವನ್ನೊಮ್ಮೆ ನೋಡಿದಳು. ಮತ್ತೆ ಮುಟ್ಟಿದಳು. ಆಮೇಲೆ ಒಂದೇ ಸಮನೆ ಸುತ್ತು, ಸುತ್ತು!

'ಮುಂದ್ಕ ಬಾ ಕೂಸು' ಎಂದು ಅಜ್ಜಿ ಕೂಗಿದರೆ, ಥೆರಪಿಸ್ಟ್ ತಡೆದರು: 'ಬುಡಿ ಅಜ್ಜಿ, ಅವಳೇ ಕಂಡ್ಕಳ್ಳಲಿ.' ವೇಗ ಕನಿಷ್ಠಕ್ಕಿತ್ತು. ಗೋಡೆಗೆ ತಾಗಿದರೂ ಯಾರೂ ಗದರಲಿಲ್ಲ. ಸ್ವೀಡನ್ನಿನ ಸಂಶೋಧಕಿ ಲಿಸ್ಬೆತ್ ನಿಲ್ಸನ್ ಈ ಕಲಿಕೆಯನ್ನು ಎಂಟು ಹಂತಗಳಲ್ಲಿ ಗುರುತಿಸಿದ್ದಾರೆ. ಕೈಗೂ ಚಲನೆಗೂ ಇರುವ ನಂಟು ಹೊಳೆಯುವುದು ಮೊದಲು, ದಿಕ್ಕು ಆಮೇಲೆ. ಆ ಹೊಳಹು ಪುಟ್ಟ ಮುಖವೊಂದರ ಮೇಲೆ ಹರಡುವುದನ್ನು ಕಣ್ಣಾರೆ ಕಂಡೆ.

ತಾನೇ ಚಲಿಸುವುದು ಯಾಕಿಷ್ಟು ಮುಖ್ಯ? 1963ರಲ್ಲಿ ಹೆಲ್ಡ್ ಮತ್ತು ಹೈನ್ ಎಂಬ ವಿಜ್ಞಾನಿಗಳು ಎರಡು ಬೆಕ್ಕಿನ ಮರಿಗಳನ್ನು ಒಂದೇ ತಿರುಗಣೆಗೆ ಕಟ್ಟಿದ್ದರು. ಒಂದು ತಾನೇ ನಡೆಯುತ್ತಿತ್ತು, ಇನ್ನೊಂದು ಬುಟ್ಟಿಯಲ್ಲಿ ಕೂತು ಸುತ್ತುತ್ತಿತ್ತು. ಕಣ್ಣಿಗೆ ಬಿದ್ದದ್ದು ಎರಡಕ್ಕೂ ಒಂದೇ. ಆದರೂ ಆಳ, ದೂರ ತಿಳಿದದ್ದು ನಡೆದ ಮರಿಗೆ ಮಾತ್ರ. ನಡೆಯಲಾಗದೆ ಅಮ್ಮನ ಸೊಂಟದ ಮೇಲೆಯೇ ಬೆಳೆಯುವ ನಮ್ಮ ಮಕ್ಕಳು ಕಳೆದುಕೊಳ್ಳುವುದು ಬರೀ ಓಡಾಟವನ್ನಲ್ಲ. ಅಮೆರಿಕದ ಸಂಶೋಧಕಿ ಷಾರ್ಲೆಟ್ ಬಟ್ಲರ್ 1983ರಲ್ಲೇ 20ರಿಂದ 39 ತಿಂಗಳ ಮಕ್ಕಳಿಗೆ ಇಂಥ ಕುರ್ಚಿ ಕೊಟ್ಟು ನೋಡಿದ್ದರು. ಅಷ್ಟು ಪುಟ್ಟವರೂ ಓಡಿಸಲು ಕಲಿಯಬಲ್ಲರೆಂದು ತಿಳಿಯಿತು.

ನಮ್ಮಲ್ಲಿ? ಅಂಗವಿಕಲರಿಗೆ ನೆರವಿನ ಸಾಧನ ಕೊಡಲು 1981ರಿಂದ ಇರುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಮೋಟಾರು ಗಾಲಿಕುರ್ಚಿ ಸಿಗುವುದು 16 ತುಂಬಿದವರಿಗೆ. ಬುದ್ಧಿ ಅರಳುವ ವಯಸ್ಸು ಅಷ್ಟರಲ್ಲಿ ಎಂದೋ ದಾಟಿರುತ್ತದೆ. ಈ ನಿಯಮ ಬದಲಾಗಲೇಬೇಕು. 1994ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ಈ ಜಿಲ್ಲೆಯ ಹಳ್ಳಿಗಳವರೆಗೂ ಬಂದಿವೆ. ಆದರೆ ಕೆಲವೇ ಸಂಸ್ಥೆಗಳಿಂದ ಎಷ್ಟೆಂದು ಆದೀತು?

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಹುಡುಗಿಯ ಸುತ್ತು ಬಿಚ್ಚಿಕೊಂಡು ಗೆರೆಯಾಯಿತು. ಓರೆಕೋರೆಯಾಗಿ ಬಂದು ತಾಯಿಯ ಮಂಡಿಗೆ ಮುಟ್ಟಿ ನಿಂತಳು. 'ಇಷ್ಟ್ ದಿನ ನಾನೇ ಅವಳ ತಾವ್ಕ ಹೋಗ್ತಿದ್ದಿ ಕನಕ್ಕ' ಎಂದು ಆ ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅಷ್ಟರಲ್ಲಿ ಮಗಳು ಅವರನ್ನೂ ಬಿಟ್ಟು, ಮೇಕೆಮರಿಯ ಹಿಂದೆ ಬಾಗಿಲತ್ತ ಹೊರಟಿದ್ದಳು. ಹೊಸ್ತಿಲು ಚಕ್ರವನ್ನು ತಡೆಯಿತು. ಗಾರೆ ಕೆಲಸದ ಅಪ್ಪ ಅದರ ಎತ್ತರವನ್ನು ಬೆರಳಲ್ಲಿ ಅಳೆದು, ಇಳಿಜಾರಿಗೆ ಎಷ್ಟು ಸಿಮೆಂಟ್ ಬೇಕೆಂದು ಲೆಕ್ಕಕ್ಕೆ ಕೂತರು. ಅಂಗನವಾಡಿಯ ಎರಡು ಮೆಟ್ಟಿಲನ್ನೂ ಅದೇ ಲೆಕ್ಕಕ್ಕೆ ಸೇರಿಸಿಕೊಂಡರು.